ಜೂಲಿಗೊಂದು ಹೂಮಾಲೆ

ಅಭಿನಂದನ ಗ್ರಂಥವೆಂದರೆ ಬರೆಯುವವರಿಗೆಲ್ಲ ಒಳಗೊಳಗೇ ಅಂಜಿಕೆ. ಸಂಪಾದಕರು ಫೋನು ಮಾಡಿ ‘ನಿಮ್ಮದೊಂದು ಲೇಖನ ಇರಲೇಬೇಕು ಸಾರ್’ ಎನ್ನುತ್ತಾರೆ. ಕೊಟ್ಟರೆ ಯಾರೂ ಓದುವುದಿಲ್ಲ. ಕೊಡದಿದ್ದರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಇಂಥ ಪುಸ್ತಕಗಳಲ್ಲೆಲ್ಲ ಅತಿ ಸುಂದರವಾದದ್ದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಹೆಸರು ‘ಲಾ ಗಿರ್ಲಾಂಡ್ ದ ಜೂಲಿ’, ಅಂದರೆ ಜೂಲಿಯ ಹೂಮಾಲೆ. 1641ರಲ್ಲಿ ಸಿದ್ಧವಾದ ಕೈಬರಹದ ಪುಸ್ತಕ. ಇದರಲ್ಲಿ ಅಭಿನಂದನೆಗೊಂಡವಳು ಹೆಣ್ಣು, ಸಂಪಾದಕನೇ ಅವಳ ಪ್ರೇಮಿ. ಹಾಗಾಗಿ ಲೇಖನ ಕೇಳುವ ದನಿಯಲ್ಲಿ ಇನ್ನಷ್ಟು ಆರ್ತತೆ ಇದ್ದಿರಬೇಕು.

ಆಗಿನ ಪ್ಯಾರಿಸ್ಸಿನಲ್ಲಿ ಲೂವ್ರ್ ಅರಮನೆಯ ಪಕ್ಕದ ಬೀದಿಯಲ್ಲೇ ಇನ್ನೊಂದು ಪುಟ್ಟ ಆಸ್ಥಾನವಿತ್ತು. ದೊರೆಯ ಆಸ್ಥಾನದ ಗದ್ದಲಕ್ಕೆ ಬೇಸತ್ತ ರಾಂಬುಯೇ ಎಂಬ ಮನೆತನದ ಮಾರ್ಕಿಸ್ ಕ್ಯಾಥರೀನ್, ತನ್ನ ಮನೆಯ ಕೋಣೆಗೆ ನೀಲಿ ಬಣ್ಣ ಹೊಡೆಸಿ ಅಲ್ಲೇ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದಳು. ಗೋಡೆಗೆ ನೀಲಿ ಬಣ್ಣವೆಂದರೆ ಆ ಕಾಲಕ್ಕೆ ಎದೆಗಾರಿಕೆಯೇ. ಕವಿಗಳು, ಬಿಷಪ್ಪರು, ದಂಡನಾಯಕರು ಎಲ್ಲರೂ ಬಂದು ಮಾತಿನ ನಯ ಕಲಿತರು ಎನ್ನುತ್ತದೆ ಸಾಹಿತ್ಯ ಚರಿತ್ರೆ. ಚರಿತ್ರೆ ಅಷ್ಟಕ್ಕೇ ನಿಲ್ಲಿಸಿದರೆ ಮೋಸ. ಆ ಮನೆಯಲ್ಲಿ ಕೀಟಲೆಯೂ ಅಷ್ಟೇ ಇತ್ತು. ಒಂದು ರಾತ್ರಿ ಗೀಶ್ ಎಂಬ ಕೌಂಟ್ ಅಣಬೆಯನ್ನು ಹೊಟ್ಟೆ ತುಂಬ ತಿಂದು ಮಲಗಿದ. ಉಳಿದವರು ಅವನ ಬಟ್ಟೆಗಳನ್ನೆಲ್ಲ ಮೆಲ್ಲಗೆ ಎತ್ತಿಕೊಂಡು ಹೋಗಿ, ಹೊಲಿಗೆ ಹಾಕಿ ಬಿಗಿ ಮಾಡಿ, ಮತ್ತೆ ಇದ್ದಲ್ಲೇ ಇಟ್ಟರು. ಬೆಳಗ್ಗೆ ಅಂಗಿಯ ಗುಂಡಿ ಕೂಡಲೊಲ್ಲದು. ಇನ್ನೊಂದು ತೊಟ್ಟರೆ ಅದೂ ಹಾಗೇ. ಅಣಬೆಯ ವಿಷವೇರಿ ಮೈ ಊದಿಕೊಂಡಿತೆಂದು ಅವನ ಮುಖ ಬಿಳಿಚಿತು. ಕೊನೆಗೆ ಒಬ್ಬರು ಕರುಣೆಯಿಟ್ಟು ಮದ್ದಿನ ಚೀಟಿ ಬರೆದುಕೊಟ್ಟರು: ಒಳ್ಳೆಯದೊಂದು ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚತಕ್ಕದ್ದು.

ಇಂಥ ಮನೆಯ ಹಿರಿಮಗಳು ಜೂಲಿ ದಾಂಜೆನ್. ಹುಟ್ಟಿದ್ದು 1607ರಲ್ಲಿ. ಅವಳನ್ನು ಮೆಚ್ಚಿದವನು ಮೊಂತೊಸಿಯೇ, ಅವಳಿಗಿಂತ ಮೂರು ವರ್ಷ ಚಿಕ್ಕವನು. ಯುದ್ಧದಲ್ಲಿ ಪಳಗಿದವನು, ಪ್ರಾಟೆಸ್ಟಂಟ್, ಮಾತು ಕಡ್ಡಿ ಮುರಿದ ಹಾಗೆ. ಅವಳು ‘ಹೂಂ’ ಅನ್ನಲಿಲ್ಲ, ‘ಊಹೂಂ’ ಅಂತಲೂ ಅನ್ನಲಿಲ್ಲ. ತಾಯಿಮನೆಯ ನೀಲಿ ಕೋಣೆಯಲ್ಲಿ ರಾಣಿಯಾಗಿದ್ದವಳಿಗೆ ಹೊರಡುವ ಅವಸರವೇನು? ಮೊಂತೊಸಿಯೇ ಗೆಳೆಯರಾದ ಕವಿಗಳನ್ನು ಒಟ್ಟುಮಾಡಿ, ಒಂದೊಂದು ಹೂವಿನ ಮೇಲೆ ಪದ್ಯ ಕೇಳಿದ. ಒಟ್ಟು 62 ಪದ್ಯಗಳಾದವು. ಅದರಲ್ಲಿ 16 ಅವನವೇ! ಸಂಪಾದಕನಾದವನ ಪಾಡು ಎಲ್ಲ ಕಾಲಕ್ಕೂ ಒಂದೇ ಇರಬೇಕು. ಹುಡುಗಿಯ ತಂದೆಯೂ ಒಂದು ಪದ್ಯ ಕೊಟ್ಟಿದ್ದಾನೆ. ಮಗಳ ಮದುವೆಗೆ ಅಪ್ಪ ಪದ್ಯದಲ್ಲಿ ಅರ್ಜಿ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬರೆದವರು ಸಣ್ಣವರಲ್ಲ. ಶಾಪ್ಲೇನ್, ಸ್ಕ್ಯೂದೆರಿ, ಕೊಂರಾರ್, ದೆಮಾರೆ, ಹೀಗೆ. 1635ರಲ್ಲಿ ಫ್ರೆಂಚ್ ಅಕಾಡೆಮಿ ಹುಟ್ಟಿದಾಗ ಅದರಲ್ಲಿ ಕುಳಿತವರೇ ಹಲವರು. ಆದರೆ ಪದ್ಯಗಳ ಮಾತು ಬೇರೆ. ಎಲ್ಲವೂ ಮ್ಯಾಡ್ರಿಗಲ್ ಎಂಬ ಪುಟ್ಟ ಜಾತಿಯವು: ಹೆಚ್ಚಾಗಿ ಕೆಲವೇ ಸಾಲು, ಕೊನೆಯಲ್ಲೊಂದು ಚಮತ್ಕಾರದ ತಿರುವು. ಗುಲಾಬಿ ಬಂದು ಜೂಲಿಯ ಕೆನ್ನೆಯ ಮುಂದೆ ನಾಚುತ್ತದೆ. ಲಿಲ್ಲಿ ಬಂದು ಅವಳ ಬಿಳುಪಿಗೆ ಸೋಲುತ್ತದೆ. ಮುಂದಿನ ಪುಟದಲ್ಲಿ ಇನ್ನೊಬ್ಬ ಕವಿಯ ಲಿಲ್ಲಿ ಬಂದು ಮತ್ತೊಮ್ಮೆ ಸೋಲುತ್ತದೆ. ಇಪ್ಪತ್ತು ಪದ್ಯ ಓದುವಷ್ಟರಲ್ಲಿ ಹೂಗಳ ಮೇಲೆಯೇ ಕನಿಕರ ಬರುತ್ತದೆ. ದೆಮಾರೆ ಬರೆದ ನೇರಳೆ ಬಣ್ಣದ ವಯೊಲೆಟ್ ಹೂವಿನ ಪದ್ಯವೊಂದು ಮಾತ್ರ ಜನರ ನಾಲಗೆಯಲ್ಲಿ ಉಳಿಯಿತು. ಅದೂ ಪುಟ್ಟದು, ಜಂಬವಿಲ್ಲದ್ದು.

ಆ ಮನೆಯ ಅತಿ ಚುರುಕಾದ ಕವಿ ವ್ವಾತೂರ್. ಜೂಲಿಗೆ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫ್ ಎಂದರೆ ಪ್ರಾಣವೆಂದು ತಿಳಿದು, ಆಳುಗಳಿಗೆ ಸ್ವೀಡನ್ನಿನವರ ವೇಷ ಹಾಕಿಸಿ, ದೊರೆಯೇ ಬರೆದನೆಂಬಂತೆ ಅವಳಿಗೊಂದು ಪ್ರೇಮಪತ್ರ ಕಳಿಸಿದ ಆಸಾಮಿ. ಮಾಲೆಯಲ್ಲಿ ಅವನದೊಂದು ಎಸಳೂ ಇಲ್ಲ. ಇನ್ನೊಬ್ಬನ ಪ್ರೇಮಕ್ಕೆ ಹಾಡುವುದು ಬೇಡವೆನಿಸಿತೋ, ಸುಮ್ಮನೆ ಸೋಮಾರಿತನವೋ. ನನಗಂತೂ ಇಡೀ ಪುಸ್ತಕದಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಇಲ್ಲದ ಆ ಪದ್ಯವೇ.

ಹಾಗಾದರೆ ಈ ಪುಸ್ತಕಕ್ಕೆ ಅಷ್ಟೊಂದು ಬೆಲೆ ಏಕೆ? ಅದು ಕವಿಗಳಲ್ಲದವರ ಪುಣ್ಯ. ನುಣುಪಾದ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದವನು ನಿಕೊಲಾ ಜಾರ್ರಿ. ಅಚ್ಚಿನ ಮೊಳೆಯೇ ನಾಚಬೇಕು, ಅಂಥ ಗುಂಡು ಅಕ್ಷರ; ಎಲ್ಲೂ ಕೈ ನಡುಗಿಲ್ಲ, ಶಾಯಿ ಮೆತ್ತಿಲ್ಲ. ಹೂ ಬಿಡಿಸಿದವನು ನಿಕೊಲಾ ರೊಬೇರ್. ಮೊದಲಿಗೆ ಎಲ್ಲ ಹೂಗಳೂ ಸೇರಿದ ಮಾಲೆಯ ಚಿತ್ರ, ಆಮೇಲೆ ಗಾಳಿದೇವ ಜೆಫಿರ್, ಅನಂತರ ಒಂದೊಂದು ಹಾಳೆಯಲ್ಲಿ ಒಂದೊಂದೇ ಹೂವು. ಸುತ್ತ ಖಾಲಿ ಬಿಳುಪು, ನಡುವೆ ದಂಟಿನ ಸಮೇತ ಈಗಷ್ಟೇ ಕಿತ್ತು ಇಟ್ಟಂತೆ. ಮೇಲೆ ಕೆಂಪು ಮೊರಾಕೊ ಚರ್ಮದ ರಟ್ಟು, ಅದರ ತುಂಬ ಜೂಲಿಯ ಹೆಸರಿನ ಎರಡು ಮೊದಲಕ್ಷರಗಳು ಹೆಣೆದುಕೊಂಡಿವೆ. ಲ ಗಾಸ್ಕೊಂ ಎಂಬ ಹೆಸರಾಂತ ರಟ್ಟುಗಾರನ ಕೆಲಸವೆಂದು ಹೇಳುತ್ತಾರೆ.

ತನ್ನ ಹೆಸರಿನ ಸಂತಳ ಹಬ್ಬದ ಬೆಳಗ್ಗೆ ಎದ್ದು ಜೂಲಿ ಇದನ್ನು ಕಂಡಳು ಎಂಬುದು ವಾಡಿಕೆಯ ಕಥೆ. ಕಂಡು ಕರಗಿದಳೇ? ಇಲ್ಲ. ಇನ್ನೂ ನಾಲ್ಕು ವರ್ಷ ಕಾಯಿಸಿದಳು. ಆ ನಡುವೆ 1643ರ ಟುಟ್ಲಿಂಗೆನ್ ಯುದ್ಧದಲ್ಲಿ ಅವನು ಸೆರೆಸಿಕ್ಕು, ಹಣ ತೆತ್ತು ಬಿಡಿಸಿಕೊಂಡು ಬಂದ. ಅವಳಿಗಾಗಿ ಕ್ಯಾಥೊಲಿಕ್ ಆದ. 1645ರಲ್ಲಿ ಮದುವೆಯಾಯಿತು. ಆಗ ವಧುವಿಗೆ 38.

ಮುಂದಿನದು ಇನ್ನೂ ಸ್ವಾರಸ್ಯ. 1666ರಲ್ಲಿ ಮೊಲಿಯೇರನ ‘ಮಿಸಾಂತ್ರೋಪ್’ ನಾಟಕ ರಂಗಕ್ಕೆ ಬಂದಾಗ, ಅದರ ಸಿಡುಕ ನಾಯಕ ಆಲ್ಸೆಸ್ತನಿಗೆ ಮೊಂತೊಸಿಯೇಯೇ ಮಾದರಿ ಎಂದು ಜನ ಆಡಿಕೊಂಡರು. ಆಸ್ಥಾನದವನೊಬ್ಬ ಓದಿದ ಸಾನೆಟ್ಟನ್ನು ಕೇಳಿ, ಇದು ಕಸಕ್ಕೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವನು ಆ ಆಲ್ಸೆಸ್ತ್. 62 ಮ್ಯಾಡ್ರಿಗಲ್ ಕೂಡಿಸಿ, ತಿದ್ದಿ, ಸಾಲದ್ದಕ್ಕೆ 16 ತಾನೇ ಹೊಸೆದವನಿಗೆ ಆಸ್ಥಾನಕವಿತೆಯ ಮೇಲೆ ಅಷ್ಟು ಸಿಟ್ಟು ಬಂದಿದ್ದರೆ ಅದು ನ್ಯಾಯವಾದ ಸಿಟ್ಟು. ಅವನಿಗಿಂತ ಅಧಿಕಾರ ಯಾರಿಗಿತ್ತು?

ಪುಸ್ತಕ ಜೂಲಿಯ ಮಗಳ ಮೂಲಕ ಯುಜೆಸ್ ಮನೆತನಕ್ಕೆ ಹೋಯಿತು, ಕೈಬದಲಾಯಿತು. 1784ರಲ್ಲಿ ಲಾ ವಾಲಿಯೇರ್ ಡ್ಯೂಕನ ಗ್ರಂಥಗಳ ಹರಾಜಿನಲ್ಲಿ 14,510 ಲೀವ್ರ್‌ಗಳಿಗೆ ಏರಿತು. 1989ರಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿತು. ರೊಬೇರನಿಗೂ ಒಳ್ಳೆಯದೇ ಆಯಿತು. ಹದಿಮೂರನೆಯ ಲೂಯಿಯ ತಮ್ಮ ಗಾಸ್ತೊಂ ಅವನನ್ನು ಬ್ಲ್ವಾದ ತನ್ನ ತೋಟದ ಗಿಡಗಳ ಚಿತ್ರ ಬರೆಯಲು ಇಟ್ಟುಕೊಂಡ. 1666ರಲ್ಲಿ ಅವನು ಹದಿನಾಲ್ಕನೆಯ ಲೂಯಿಯ ಚಿತ್ರಗಾರನೂ ಆದ. ಅವನ ಆ ಗಿಡಚಿತ್ರಗಳ ಹಾಳೆಗಳು ಪ್ಯಾರಿಸ್ಸಿನ ನಿಸರ್ಗ ವಿಜ್ಞಾನ ಸಂಗ್ರಹಾಲಯದಲ್ಲಿವೆ. ಅಲ್ಲಿ ಯಾವ ಹೂವೂ ಯಾರ ಕೆನ್ನೆಗೂ ಸೋಲಬೇಕಾಗಿಲ್ಲ. ಪಕ್ಕದಲ್ಲಿ ಪದ್ಯವೇ ಇಲ್ಲ.