ವೇಳಾಪಟ್ಟಿ ಹಾಕುವ ಮಗು: ಬಳಕೆದಾರರ ಕೈಪಿಡಿ

ಉಪಯೋಗಿಸುವ ಮುನ್ನ ಪೂರ್ತಿ ಓದಿ

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ತಂದೆತಾಯಿಗಳಿಗಾಗಿ ಈ ಕೈಪಿಡಿ. ಮದುವೆಮನೆಯಲ್ಲಿ ‘ಯಾವ ಸ್ಕೂಲು ಪುಟ್ಟಿ?’ ಎಂದು ಕೇಳಿದವರಿಗೆ ಏನು ಹೇಳಬೇಕು ಎಂಬುದು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆ ಕೈಪಿಡಿ ಬೇಕು, ಬರೆಯುವ ಧೈರ್ಯ ನನಗಿಲ್ಲ. ಇಲ್ಲಿರುವುದು ಒಂದೇ ಕೆಲಸದ ವಿವರ: ವಾರದ ಓದನ್ನು ಮಗು ತಾನೇ ಹಂಚಿಕೊಳ್ಳುವಂತೆ ಮಾಡುವುದು. ಮೈಸೂರಿನ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಒಂದು ಮಾದರಿಯ ಮೇಲೆ ಎಂಟು ತಿಂಗಳು ಪ್ರಯೋಗ ನಡೆದಿದೆ. ಮಾದರಿ ಕ್ಷೇಮವಾಗಿದೆ. ಪ್ರಯೋಗ ಮಾಡಿದವರು ಸ್ವಲ್ಪ ಸವೆದಿದ್ದಾರೆ.

ಇಷ್ಟೆಲ್ಲ ಯಾಕೆ ಎಂದರೆ, ಆ ಮಾದರಿ, ಅಂದರೆ ನಮ್ಮ ಮಗಳು ಪುಟ್ಟಿ, ಮುಂದೆ ಹತ್ತನೆಯ ತರಗತಿಯನ್ನು ಎನ್‌ಐಒಎಸ್‌ನಲ್ಲಿ ಕಟ್ಟಬೇಕು. 1989ರಲ್ಲಿ ಶುರುವಾದ ಈ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯದಕ್ಕೆ ಸೇರಲು ಹದಿನಾಲ್ಕು ತುಂಬಿದ್ದರೆ ಸಾಕು. ವರ್ಷಕ್ಕೆರಡು ಸಲ ಪರೀಕ್ಷೆ. ಒಮ್ಮೆ ನೋಂದಣಿಯಾದರೆ ಐದು ವರ್ಷ, ಒಂಬತ್ತು ಅವಕಾಶ. ಇಷ್ಟು ಉದಾರವಾದ ಪರೀಕ್ಷೆ ನಮ್ಮ ಕಾಲದಲ್ಲಿ ಇದ್ದಿದ್ದರೆ ನಮ್ಮ ಚಿಕ್ಕಪ್ಪ ಇಂಜಿನಿಯರ್ ಆಗಿರುತ್ತಿದ್ದರು. ಆದರೆ ಒಂಬತ್ತು ಅವಕಾಶ ಎಂದು ಬರೆದದ್ದನ್ನು ಎಂಟು ಸಲ ಮುಂದೂಡಬಹುದು ಎಂದು ಓದಿಕೊಳ್ಳುವ ಮಗು ನಮ್ಮದು. ಬೆಲ್ ಹೊಡೆಯುವವರಿಲ್ಲ, ಬೆಂಚಿನ ಮೇಲೆ ನಿಲ್ಲಿಸುವವರಿಲ್ಲ. ಆ ಬೆಲ್ಲನ್ನು ಅವಳೇ ಹೊಡೆದುಕೊಳ್ಳುವುದು ಕಲಿಯಬೇಕು.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಇನ್ನೂರು ಪುಟದ ಒಂದು ಲಾಂಗ್‌ಬುಕ್, ಪೆನ್ಸಿಲು, ದೊಡ್ಡ ರಬ್ಬರು, ಮುಳ್ಳಿರುವ ಗೋಡೆ ಗಡಿಯಾರ. ಪೋಷಕರಿಗೆ ಕಾಲು ಕಿಲೋ ಕಲ್ಲುಸಕ್ಕರೆ.

ಲ್ಯಾಮಿನೇಷನ್ ಬೇಡ. ನಾನು ಮಾಡಿಸಿದ್ದೆ. ಕಂಪ್ಯೂಟರಿನಲ್ಲಿ ಎರಡು ರಾತ್ರಿ ಕೂತು, ಗಣಿತಕ್ಕೆ ನೀಲಿ, ಕನ್ನಡಕ್ಕೆ ಹಳದಿ, ಆಟಕ್ಕೆ ಹಸಿರು ಎಂದು ಬಣ್ಣ ತುಂಬಿ, ಜೆರಾಕ್ಸ್ ಅಂಗಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಪುಟ್ಟಿ ನೋಡಿ, ‘ಚೆನ್ನಾಗಿದೆ ಅಪ್ಪಾ, ಯಾರದು?’ ಅಂದಳು. ಆ ಪ್ರಶ್ನೆ ಅರ್ಥವಾಗಲು ನನಗೆ ಒಂದು ತಿಂಗಳು ಬೇಕಾಯಿತು. ಈಗ ಅದರ ಮೇಲೆ ಬಿಸಿ ಪಾತ್ರೆ ಇಡುತ್ತೇವೆ. ಒಳ್ಳೆಯ ಪ್ಲಾಸ್ಟಿಕ್, ಇನ್ನೂ ಸುಕ್ಕಾಗಿಲ್ಲ.

ಚಾಲೂ ಮಾಡುವ ವಿಧಾನ

ಭಾನುವಾರ ಸಂಜೆ, ಕಾಫಿ ಆದಮೇಲೆ, ಮುಗಿಸಬೇಕಾದ ಕೆಲಸಗಳನ್ನಷ್ಟೇ ಹೇಳಿ. ಭಿನ್ನರಾಶಿ ಐದು ಅಭ್ಯಾಸ, ಕನ್ನಡ ಎರಡು ಪಾಠ, ವಿಜ್ಞಾನ ಒಂದು ಪ್ರಯೋಗ, ಇಂಗ್ಲಿಷ್ ಒಂದು ಪತ್ರ. ಯಾವಾಗ, ಯಾವುದು ಮೊದಲು ಎಂಬುದು ಅವಳಿಗೆ ಬಿಟ್ಟದ್ದು. ಇದು ನನ್ನ ಸಂಶೋಧನೆಯಲ್ಲ. ‘ತೊತ್ತೊ ಚಾನ್’ ಓದಿದವರಿಗೆ ಗೊತ್ತು, ಟೋಕಿಯೊದ ತೊಮೊಯೆ ಶಾಲೆಯಲ್ಲಿ ಟೀಚರು ಬೆಳಿಗ್ಗೆಯೇ ಆ ದಿನದ ಎಲ್ಲ ವಿಷಯಗಳ ಪ್ರಶ್ನೆಗಳನ್ನೂ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದರು. ಮಕ್ಕಳು ತಮಗೆ ಇಷ್ಟವಾದದ್ದರಿಂದ ಶುರು ಮಾಡಬಹುದಿತ್ತು. ಅವರು ಕೊಟ್ಟದ್ದು ಒಂದು ದಿನದ್ದು. ನಾವು ಮೊದಲ ಏಟಿಗೇ ಇಡೀ ವಾರದ್ದು ಕೊಟ್ಟೆವು. ಅದು ದುರಾಸೆ. ನೀವು ಒಂದು ದಿನದಿಂದ ಶುರು ಮಾಡಿ, ಆಮೇಲೆ ಮೂರು, ಆಮೇಲೆ ವಾರ.

ಹೇಳಿದಿರಾ? ಈಗ ಎದ್ದು ಹೋಗಿ.

ಹೋಗಲಾರಿರಿ, ಗೊತ್ತು. ಅದಕ್ಕೇ ಕಲ್ಲುಸಕ್ಕರೆ. ದೊಡ್ಡದೊಂದು ಹರಳನ್ನು ಬಾಯಿಗೆ ಹಾಕಿಕೊಳ್ಳಿ. ಅದು ಕರಗುವಷ್ಟರಲ್ಲಿ ಮಗು ಸೋಮವಾರಕ್ಕೆ ‘ಚಿತ್ರ’, ಮಂಗಳವಾರಕ್ಕೆ ‘ಕಥೆಪುಸ್ತಕ’, ಬುಧವಾರಕ್ಕೆ ‘ಗಿಡ’, ಗುರುವಾರಕ್ಕೆ ‘ಬೇರೆ’ ಎಂದು ಬರೆದು, ಶುಕ್ರವಾರದ ಚೌಕದಲ್ಲಿ ಉಳಿದದ್ದನ್ನೆಲ್ಲ ಇರುವೆ ಅಕ್ಷರದಲ್ಲಿ ತುಂಬಿರುತ್ತದೆ. ಬಾಯಲ್ಲಿ ಇನ್ನೂ ಹರಳಿರುವುದರಿಂದ ನೀವು ‘ಉಂ’ ಎಂದಷ್ಟೇ ಅನ್ನಬಲ್ಲಿರಿ. ಅಷ್ಟೇ ಅನ್ನಬೇಕಾದದ್ದು.

ರಾಹುಕಾಲದ ಬಗ್ಗೆ ವಿಶೇಷ ಸೂಚನೆ

ಒಂದು ಭಾನುವಾರ ಕಲ್ಲುಸಕ್ಕರೆ ಮುಗಿದಿತ್ತು. ‘ದಿನಾ ಬೆಳಿಗ್ಗೆ ಏಳೂವರೆಗೆ ಗಣಿತ ಇಟ್ಕೊಂಡ್ರೆ ಒಳ್ಳೇದಲ್ವಾ?’ ಎಂದುಬಿಟ್ಟೆ.

‘ಸೋಮವಾರ ಆಗಲ್ಲಪ್ಪಾ. ಏಳೂವರೆಯಿಂದ ಒಂಬತ್ತು ರಾಹುಕಾಲ. ಬೇಕಾದ್ರೆ ಅಜ್ಜೀನ ಕೇಳು.’

ಅಜ್ಜಿಯ ಒಂಟಿಕೊಪ್ಪಲ್ ಪಂಚಾಂಗ ಗೂಡಿನಿಂದ ಕೆಳಗಿಳಿಯಿತು. ಅರ್ಧ ಗಂಟೆಯಲ್ಲಿ ಪುಟ್ಟಿ ವಾರವಿಡೀ ಗಣಿತಕ್ಕೆ ಜಾಗ ಗೊತ್ತುಮಾಡಿದಳು: ಮಂಗಳವಾರ ಮೂರರಿಂದ ನಾಲ್ಕೂವರೆ, ಬುಧವಾರ ಹನ್ನೆರಡರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ ಮೂರು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಭಿನ್ನರಾಶಿ ಪೂರ್ತಿ ರಾಹುವಿನ ಬಾಯಿಗೆ. ಅಜ್ಜಿ ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು: ‘ರಾಹುಕಾಲದಲ್ಲಿ ಹೊಸದಾಗಿ ಶುರು ಮಾಡಬಾರದು ಅಷ್ಟೇ ಕಣೇ. ಶುರುವಾಗಿದ್ದನ್ನ ಮುಂದುವರಿಸೋದಕ್ಕೆ ಏನು ದೋಷ? ಕಾಲು ಗಂಟೆ ಮುಂಚೆ ಕೂತ್ಕೊ.’

ಪುಟ್ಟಿ ಸೋಲಲಿಲ್ಲ, ಅಜ್ಜಿಯ ಪಕ್ಕದಲ್ಲೇ ಕೂತು ಪಂಚಾಂಗದ ಒಳಕ್ಕೆ ಇಳಿದಳು. ಕ್ಯಾಲೆಂಡರಿನಲ್ಲಿ ಅಚ್ಚಾಗುವ ಹೊತ್ತು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದು ಹಿಡಿದದ್ದು. ನಿಜವಾದ ಲೆಕ್ಕ ಬೇರೆ: ಆ ದಿನದ ಹಗಲನ್ನು ಎಂಟು ಭಾಗ ಮಾಡಬೇಕು, ಸೋಮವಾರಕ್ಕೆ ಎರಡನೆಯ ಭಾಗ ರಾಹುವಿನದು. ಆಗ ಜನವರಿ. ಮೈಸೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲಿನ ಆಸುಪಾಸು, ಹಗಲು ಹನ್ನೆರಡು ಗಂಟೆಗಿಂತ ಕಡಿಮೆ. ಎಂಟರಲ್ಲಿ ಒಂದು ಭಾಗ ತೆಗೆದು, ನಿಮಿಷಕ್ಕೆ ಇಳಿಸಿ, ಕೂಡಿ ನೋಡಿದಳು. ಸೋಮವಾರದ ರಾಹುಕಾಲ ಎಂಟು ಗಂಟೆ ದಾಟಿದ ಮೇಲೆ ಶುರು. ಏಳೂವರೆ ನಿರ್ದೋಷಿ ಎಂದು ಅವಳ ಲೆಕ್ಕವೇ ಸಾರಿತು. ಭಿನ್ನರಾಶಿಯಿಂದ ತಪ್ಪಿಸಿಕೊಳ್ಳಲು ಒಂದೂವರೆ ಗಂಟೆ ಭಿನ್ನರಾಶಿಯನ್ನೇ ಮಾಡಿದ್ದೆ ಎಂದು ಅವಳಿಗೆ ಹೊಳೆದಾಗ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ, ಕಲ್ಲುಸಕ್ಕರೆ ತರಲು ಅಂಗಡಿಗೆ ಹೋಗಿದ್ದೆ. ಅಜ್ಜಿ ಹೇಳಿದ್ದು. ಆದರೆ ಎಂಟು ತಿಂಗಳಲ್ಲಿ ಅವಳು ಹಾಕಿದ ನಿಜವಾದ ಮೊದಲ ಯೋಜನೆ ಅದೇ ಎಂದು ನನ್ನ ಅಭಿಪ್ರಾಯ.

ಅಳತೆ

ಪುಟದಲ್ಲಿ ಎರಡು ಗೀಟು ಎಳೆಯಿರಿ: ‘ಅಂದಾಜು’, ‘ನಿಜ’. ಅಂದಾಜನ್ನು ಕೆಲಸಕ್ಕೆ ಕೂರುವ ಮೊದಲು, ನಿಜವನ್ನು ಮುಗಿದ ಮೇಲೆ ಮಗುವೇ ಬರೆಯಬೇಕು. ಭಿನ್ನರಾಶಿ, ಅಂದಾಜು 20 ನಿಮಿಷ, ನಿಜ 70. ಅದರಲ್ಲಿ 25 ರಬ್ಬರು ಹುಡುಕಿದ್ದು. ನಗಬೇಡಿ. ಕೆನಡಾದ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ 34 ಎಂದರು. ಎಲ್ಲವೂ ಕೈಕೊಟ್ಟರೆ? 49. ನಿಜವಾಗಿ ಹಿಡಿದದ್ದು 56. ಕೈಕೊಡುವುದನ್ನು ಸೇರಿಸಿಕೊಂಡ ಮೇಲೂ ಏಳು ದಿನ ಸಾಲಲಿಲ್ಲ.

ಈ ಭಾಗದಲ್ಲಿ ಒಂದು ಅಪಾಯವಿದೆ. ಮಗು ನಿಮ್ಮ ಹೆಸರಿಗೂ ಎರಡು ಗೀಟು ಎಳೆಯಬಹುದು. ಫ್ರಿಜ್ಜಿನ ಮೇಲೆ ಈಗ ‘ಅಪ್ಪ: ಅಟ್ಟ ಕ್ಲೀನು, ಅಂದಾಜು ಈ ಭಾನುವಾರ’ ಎಂದಿದೆ. ಬರೆದದ್ದು ಯಾವ ಭಾನುವಾರ ಎಂದು ಇಲ್ಲಿ ಹೇಳುವ ಅಗತ್ಯವಿಲ್ಲ.

ದೋಷ ನಿವಾರಣೆ

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಅಳುವ ಸದ್ದು ಬಂದರೆ ಗಾಬರಿ ಬೇಡ, ತುಂಬಿಸಿಟ್ಟ ಚೌಕ ಒಡೆದದ್ದು. ನಮ್ಮ ಮನೆಯಾಕೆ ‘ಪಾಪ ರೀ, ಅರ್ಧ ಮನ್ನಾ ಮಾಡಿ’ ಎಂದಳು. ನಾನು ‘ಅವತ್ತೇ ಹೇಳಿದ್ನಲ್ಲ’ ಎನ್ನಲು ಬಾಯಿ ತೆರೆದೆ. ಎರಡೂ ತಪ್ಪು. ಮನ್ನಾ ಮಾಡಿದರೆ ವಾರ ಸುಳ್ಳಾಗುತ್ತದೆ, ಬೈದರೆ ಮುಂದಿನ ವಾರ ನಿಮ್ಮದಾಗುತ್ತದೆ. ಉಳಿದದ್ದನ್ನು ಮುಂದಿನ ಪುಟಕ್ಕೆ ಅವಳ ಕೈಯಲ್ಲೇ ಇಳಿಸಿ, ಹಾಲು ಕುಡಿಸಿ, ಮಲಗಿಸಿ.

ನಮಗೆ ಇದು ಮೂರು ಶುಕ್ರವಾರ ಹಿಡಿಯಿತು. ನಾಲ್ಕನೆಯ ಭಾನುವಾರ ಅವಳು ಯಾರೂ ಹೇಳದೆ ಭಿನ್ನರಾಶಿಯನ್ನು ಐದು ದಿನಕ್ಕೆ ಹಂಚಿದಳು. ಜ್ಞಾನೋದಯವಾಗಿ ಅಲ್ಲ, ಶನಿವಾರ ಹಾಸನದಿಂದ ಅತ್ತೆಯ ಮಗಳು ಬರುವವಳಿದ್ದಳು. ಕಾರಣ ಏನಾದರೂ ಇರಲಿ, ಅವಳದೇ ಆಗಿದ್ದರೆ ಸಾಕು.

ಮಿಕ್ಸಿ ಬಿಸಿಯಾಗಿ ನಿಂತರೆ ತಳದಲ್ಲಿ ಕೆಂಪು ಗುಂಡಿ ಇರುತ್ತದೆ, ಆರಿದ ಮೇಲೆ ಒತ್ತಿದರೆ ಮತ್ತೆ ತಿರುಗುತ್ತದೆ. ಮಗುವಿಗೆ ಅಂಥ ಗುಂಡಿ ಇಲ್ಲ. ನಮಗೂ ಇಲ್ಲ. ಬಿಸಿಯಾದಾಗ ನಾನು ಮಹಡಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತೇನೆ.

ಕೊನೆಯ ಎಚ್ಚರಿಕೆ

ಈ ಕೈಪಿಡಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ನಮ್ಮವಳು ಓದಿಬಿಟ್ಟಿದ್ದಾಳೆ. ರಬ್ಬರು ಹುಡುಕಿದ್ದು 25 ಅಲ್ಲ, 15 ನಿಮಿಷ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿದ್ದಾಳೆ.