ದಾಸರಹಳ್ಳಿಯಲ್ಲಿ ಟಯರು ಕೊಳ್ಳುವ ಕ್ರಮ

ಕಾರಿನ ಟಯರು ಮುಗಿಯುವುದು ಎರಡು ಬಗೆಯಲ್ಲಿ. ಓಡಿ ಓಡಿ ಸವೆದು ಮುಗಿಯುವುದು ಒಂದು, ನಿಂತು ನಿಂತು ಒಣಗಿ ಮುಗಿಯುವುದು ಇನ್ನೊಂದು. ಟಿ. ದಾಸರಹಳ್ಳಿಯ ಯಾವ ಅಡ್ಡರಸ್ತೆಗೆ ಹೊಕ್ಕರೂ ಎರಡೂ ಎದುರುಬದುರು ಸಿಗುತ್ತವೆ. ಹಳದಿ ಬೋರ್ಡಿನ ಕಾರು ಬೆಳಗಿನ ನಾಲ್ಕಕ್ಕೇ ವಿಮಾನ ನಿಲ್ದಾಣದ ಬಾಡಿಗೆಗೆ ಹೊರಟು ರಾತ್ರಿ ಹನ್ನೊಂದಕ್ಕೆ ಮರಳುತ್ತದೆ. ಅದರ ಟಯರಿಗೆ ಮುಪ್ಪು ಕಾಣುವ ಯೋಗವಿಲ್ಲ. ಎದುರು ಮನೆಯ ಬಿಳಿ ಬೋರ್ಡಿನ ಕಾರು ವಾರವಿಡೀ ಮೋರಿಯ ಚಪ್ಪಡಿಯ ಮೇಲೆ ಎರಡು ಚಕ್ರ ಇಟ್ಟುಕೊಂಡು, ಬಿಸಿಲು ಕಾಯಿಸುತ್ತ ನಿಂತಿರುತ್ತದೆ. 2015ರ ಮೇ 1ರಂದು ದಾಸರಹಳ್ಳಿಗೆ ಮೆಟ್ರೊ ಬಂದ ಮೇಲೆ ಅದರ ಯಜಮಾನರು ಆಫೀಸಿಗೆ ಹೋಗುವುದು ಹಸಿರು ಮಾರ್ಗದಲ್ಲಿ. ಕಾರಿಗೆ ಕೆಲಸ ಇರುವುದು ಭಾನುವಾರ ಸಿದ್ಧಗಂಗೆಗೋ ಶಿವಗಂಗೆಗೋ ಹೋಗುವಾಗ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೊರಟಾಗ. ಉಳಿದ ದಿನ ಬೀದಿನಾಯಿಗಳು ಮಾತ್ರ ತಪ್ಪದೆ ಬಂದು ಒಂದೊಂದು ಟಯರನ್ನೂ ವಿಚಾರಿಸಿಕೊಂಡು ಹೋಗುತ್ತವೆ.

ಈ ಎರಡು ಕಾರುಗಳ ವ್ಯತ್ಯಾಸ ತಿಳಿಯದೆ ಟಯರು ಕೊಳ್ಳಲು ಹೊರಟವರು ದುಡ್ಡು ಹೆಚ್ಚಾಗಿ ಕೊಟ್ಟು ಬರುತ್ತಾರೆ. ಲೆಕ್ಕ ಸುಲಭ. ಸಾಧಾರಣ ಕಾರಿನ ಟಯರು ಸುಮಾರು 40,000 ಕಿ.ಮೀ. ಬಾಳುತ್ತದೆ ಎಂದು ಹಿಡಿದರೆ, ತಿಂಗಳಿಗೆ 4,000 ಕಿ.ಮೀ. ಓಡುವ ಹಳದಿ ಬೋರ್ಡಿಗೆ ಅದು ಹತ್ತು ತಿಂಗಳು ಬರುತ್ತದೆ. ವರ್ಷಕ್ಕೆ 4,000 ಕಿ.ಮೀ. ಓಡುವ ಬಿಳಿ ಬೋರ್ಡಿಗೆ ಹತ್ತು ವರ್ಷ ಬರಬೇಕು. ಬರುವುದಿಲ್ಲ. ಆರನೆಯ ವರ್ಷದ ಹೊತ್ತಿಗೆ ರಬ್ಬರು ಬಿರುಸಾಗಿ, ಪಕ್ಕದ ಗೋಡೆಯಲ್ಲಿ ಹಿಮ್ಮಡಿ ಒಡೆದಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಗ್ರಿಪ್ಪು ನೋಡಿದರೆ ಹೊಸತರಂತೆಯೇ ಇರುತ್ತದೆ. ಯಜಮಾನರಿಗೆ ಮನಸ್ಸು ಒಪ್ಪದಿರುವುದು ಇಲ್ಲಿಯೇ. ಪೂರ್ತಿ ಸವೆಯದ ಚಪ್ಪಲಿಯನ್ನು ಎಸೆದ ಇತಿಹಾಸ ಅವರ ವಂಶದಲ್ಲಿ ಇರುವುದಿಲ್ಲ.

ಸವೆತವನ್ನು ಅಳೆಯುವುದಕ್ಕೆ ಉಪಕರಣ ಬೇಡ. ಹೊಸ ಟಯರಿನ ಗ್ರಿಪ್ಪಿನ ಆಳ ಸುಮಾರು 8 ಮಿ.ಮೀ. ಕಾಲುವೆಗಳ ತಳದಲ್ಲಿ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ಮೇಲ್ಮೈ ಸವೆದು ಆ ಗಟ್ಟೆಯ ಮಟ್ಟಕ್ಕೆ ಬಂತೆಂದರೆ ಟಯರಿನ ಆಯುಸ್ಸು ತೀರಿತು. ಕಾನೂನಿನ ಗೆರೆಯೂ ಅದೇ. ಆದರೆ ವಾಡಿಕೆಯಲ್ಲಿ ಈ ಗಟ್ಟೆಯನ್ನು ಮೊದಲು ಕಾಣುವವರು ಯಜಮಾನರಲ್ಲ. ಎಂಟನೇ ಮೈಲಿಯ ಹತ್ತಿರ ಪಂಚರ್ ಹಾಕುವವನು ಒಮ್ಮೆ ಬೆರಳಾಡಿಸಿ, "ಸಾರ್, ಇನ್ನು ಇದಕ್ಕೆ ಪಂಚರ್ ಹಾಕೋಕೆ ಜಾಗ ಇಲ್ಲ" ಎನ್ನುತ್ತಾನೆ. ಹೆಂಡತಿಯ ತಮ್ಮ ಮದುವೆಗೆ ಕರೆಯಲು ಬಂದವನು ಟಯರನ್ನು ಒದ್ದು ನೋಡಿ, "ಭಾವ, ಇದರಲ್ಲೇ ಘಾಟಿ ಇಳಿದ್ರಾ?" ಎಂದು ಅಕ್ಕನಿಗೆ ಕೇಳುವಂತೆ ಕೇಳುತ್ತಾನೆ. ಟಯರು ಕೊಳ್ಳುವ ನಿರ್ಧಾರ ಆಗುವುದು ಆ ಕ್ಷಣದಲ್ಲಿ.

ಪಂಚರಿಗೆ ಈ ಭಾಗದಲ್ಲಿ ಬರವಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶ ಮಗ್ಗುಲಲ್ಲೇ ಇದೆ. ಲೇತ್ ಯಂತ್ರದಿಂದ ಬಿದ್ದ ಸುರುಳಿಚೂರು, ನಟ್ಟು, ಮೊಳೆ ಎಲ್ಲವೂ ಗುಜರಿ ಸೇರುವ ದಾರಿಯಲ್ಲಿ ಸ್ವಲ್ಪ ಸ್ವಲ್ಪ ರಸ್ತೆಗೆ ಉದುರುತ್ತವೆ. ನೆಲಕ್ಕೆ ತಾಗುವ ಭಾಗದಲ್ಲಿ ತೂತಾದರೆ ರಿಪೇರಿ ಉಂಟು. ಪಕ್ಕದ ಗೋಡೆ ಹರಿದರೆ, ಅಥವಾ ಹೊಂಡಕ್ಕೆ ಬಿದ್ದು ಅಲ್ಲಿ ಬುಗುಟು ಎದ್ದರೆ ರಿಪೇರಿ ಇಲ್ಲ. ಮಗುವಿನ ಹಣೆಯ ಬುಗುಟು ಬೆಣ್ಣೆ ಹಚ್ಚಿದರೆ ಇಳಿಯುತ್ತದೆ. ಟಯರಿನದು ಒಳಗಿನ ದಾರ ಕಿತ್ತು ಬಂದದ್ದು, ಒಂದು ದಿನ ಹೆದ್ದಾರಿಯಲ್ಲೇ ಒಡೆಯುತ್ತದೆ.

ಕೊಳ್ಳುವ ವಿದ್ಯೆಗೆ ಬಂದರೆ, ಈ ಊರಿನ ಹಿರಿಯರಿಗೆ ಇದು ಹೊಸದಲ್ಲ. ಇದೇ ತುಮಕೂರು ರಸ್ತೆ ಹಿಡಿದು ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿ ಜೋಡೆತ್ತು ತಂದ ಕಾಲವೊಂದಿತ್ತು. ಎತ್ತಿನ ಬೆಲೆ ಕೇಳುವ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರ ಮೇಲೆ ವಯಸ್ಸು, ವಯಸ್ಸಿನ ಮೇಲೆ ಬೆಲೆ. ಟಯರು ಎತ್ತಿಗಿಂತ ಪ್ರಾಮಾಣಿಕ ಪ್ರಾಣಿ. ತನ್ನ ಅಳತೆ, ಹೊರುವ ಭಾರ, ಓಡುವ ವೇಗ, ಹುಟ್ಟಿದ ವಾರ, ಎಲ್ಲವನ್ನೂ ಮೈಮೇಲೆ ಅಚ್ಚು ಹಾಕಿಸಿಕೊಂಡೇ ಅಂಗಡಿಗೆ ಬರುತ್ತದೆ. ಕೊಳ್ಳುವವರು ಅದನ್ನು ಓದುವುದಿಲ್ಲ, ಅಷ್ಟೇ.

ಉದಾಹರಣೆಗೆ 185/65 ಆರ್ 15 88 ಎಚ್. ಮೊದಲ ಅಂಕಿ ಟಯರಿನ ಅಗಲ, 185 ಮಿ.ಮೀ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಆದರೆ ಮಿ.ಮೀ. ಅಲ್ಲ, ಅಗಲದ ನೂರಕ್ಕೆ 65 ಪಾಲು. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳ ನೇಯ್ಗೆಯ ಹೆಸರು. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿ.ಮೀ., ಶೇಕಡಾ, ಇಂಚು ಮೂರನ್ನೂ ಸೇರಿಸಿದ ಪುಣ್ಯಾತ್ಮರು ಯಾವ ಶಾಲೆಯಲ್ಲಿ ಗಣಿತ ಕಲಿತರೋ. 88 ಎಂಬುದು ಭಾರದ ಸಂಕೇತ, ಒಂದು ಟಯರು 560 ಕೆ.ಜಿ. ತಡೆಯುತ್ತದೆ ಎಂದರ್ಥ. ಐದು ಜನ, ಅವರ ಲಗೇಜು, ಊರಿನಿಂದ ಬರುವಾಗ ಹೇರಿಸಿಕೊಂಡ ತೆಂಗಿನಕಾಯಿ, ರಾಗಿ ಮೂಟೆ ಎಲ್ಲ ಇದರಲ್ಲಿ ಅಡಕ. ಕಾರಿನ ಕಂಪನಿ ಹೇಳಿದ್ದಕ್ಕಿಂತ ಈ ಅಂಕಿ ಕಡಿಮೆಯಾಗಬಾರದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗ, ಟಿ ಎಂದರೆ 190. ಜಾಲಹಳ್ಳಿ ಕ್ರಾಸ್ ದಾಟಲು ಎರಡು ಸಿಗ್ನಲ್ಲು ಕಾಯುವ ಕಾರಿಗೆ ಈ ಎರಡರ ನಡುವಿನ 20 ಕಿ.ಮೀ. ಬಗ್ಗೆ ಚಿಂತೆ ಬೇಡ. ಕಂಪನಿಯೇ ಟಿ ಕೊಟ್ಟಿದ್ದರೆ ಎಚ್‌ಗೆ ಹೆಚ್ಚು ಕೊಡುವುದು ವ್ಯರ್ಥ.

ಅಗಲದ ಟಯರು ಹಾಕಿಸುವ ಆಸೆ ಮನೆಯ ಕಾಲೇಜು ಹುಡುಗನಿಂದ ಹುಟ್ಟುವಂಥದ್ದು. 165/80 ಆರ್ 14 ಇದ್ದ ಕಾರಿಗೆ ಅದೇ ರಿಮ್ಮಿನ ಮೇಲೆ 185/65 ಕೂರಿಸಿದರೆ ಚಕ್ರದ ಒಟ್ಟು ವ್ಯಾಸ ಎರಡು ಸೆಂ.ಮೀ.ಗಿಂತ ಹೆಚ್ಚು ತಗ್ಗುತ್ತದೆ. ಸ್ಪೀಡೋಮೀಟರು ನೂರಕ್ಕೆ ನಾಲ್ಕರಷ್ಟು ಸುಳ್ಳು ಹೇಳತೊಡಗುತ್ತದೆ, ಕಾರಿನ ಹೊಟ್ಟೆ ದಾಸರಹಳ್ಳಿಯ ಹಂಪುಗಳಿಗೆ ಒಂದು ಸೆಂ.ಮೀ. ಹತ್ತಿರವಾಗುತ್ತದೆ. ಇಲ್ಲಿನ ಹಂಪುಗಳಿಗೆ ಆ ಒಂದು ಸೆಂ.ಮೀ. ಧಾರಾಳವಾಗಿ ಸಾಕು.

ಇನ್ನು ಹಲ್ಲು ನೋಡುವ ಕೆಲಸ. ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ಅಂಗಡಿಯವನು, "ಫ್ರೆಶ್ ಸ್ಟಾಕು ಸಾರ್, ನಿನ್ನೆ ತಾನೇ ಇಳಿದಿದ್ದು" ಎನ್ನುತ್ತಾನೆ. ನಿನ್ನೆ ಇಳಿದದ್ದು ನಿಜವೇ ಇರುತ್ತದೆ. ಎಲ್ಲಿಂದ, ಎಷ್ಟು ವರ್ಷ ಮಲಗಿದ್ದು ಎದ್ದು ಬಂತು ಎಂಬುದನ್ನು ಆ ನಾಲ್ಕು ಅಂಕಿ ಹೇಳುತ್ತವೆ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ವರ್ಷ ದಾಟಿದ್ದರೆ ಬೆಲೆ ಇಳಿಸಲು ಬಾಯಿ ಬಂದಂತೆ. ಹಳದಿ ಬೋರ್ಡಿನವರಿಗೆ ಒಂದು ವರ್ಷ ಹಳೆಯ ಟಯರು ಅಗ್ಗಕ್ಕೆ ಸಿಕ್ಕರೆ ಲಾಭವೇ, ಅದು ಮುದಿಯಾಗುವ ಮೊದಲೇ ಅವರು ಸವೆಸಿ ಮುಗಿಸುತ್ತಾರೆ. ನಿಂತೇ ಇರುವ ಕಾರಿನವರು ಮಾತ್ರ ಎಳೆಗರುವನ್ನೇ ಹುಡುಕಬೇಕು. ಹೀಗಿದ್ದೂ ಈ ಊರಿನಲ್ಲಿ ನಡೆಯುವುದು ತಿರುಗಾಮುರುಗ. ಬಿಳಿ ಬೋರ್ಡಿನವರು ಎದುರು ಮನೆಯ ಡ್ರೈವರಣ್ಣನನ್ನು ಕೇಳಿ, ಆತ ಮೆಚ್ಚಿದ, ಹೆಚ್ಚು ಕಿ.ಮೀ. ಬಾಳುವ ದುಬಾರಿ ಟಯರನ್ನೇ ಹಾಕಿಸಿಕೊಂಡು ಬರುತ್ತಾರೆ. ಅರ್ಧ ಆಯುಸ್ಸು ಅವರ ಮನೆ ಮುಂದೆಯೇ ಬಿಸಿಲಿಗೆ ಆವಿಯಾಗುತ್ತದೆ. ಅವರಿಗೆ ಬೇಕಾದದ್ದು ದೊಡ್ಡ ಕಂಪನಿಯೊಂದರ ಕೆಳಮಟ್ಟದ ಬೆಲೆಯ, ಮಳೆಯಲ್ಲಿ ಚೆನ್ನಾಗಿ ಹಿಡಿಯುವ, ಹೊಸದಾಗಿ ಹುಟ್ಟಿದ ಟಯರು.

ಕಂಪನಿಗಳ ಹೆಸರಿನ ಮೇಲಿನ ಭಕ್ತಿ ಮನೆತನದಿಂದ ಬರುವಂಥದ್ದು. ಅಪ್ಪನ ಸ್ಕೂಟರಿಗೆ ಯಾವುದಿತ್ತೋ ಮಗನ ಕಾರಿಗೂ ಅದೇ. ಎಂ.ಆರ್.ಎಫ್. 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತ ಹುಟ್ಟಿದ್ದು. 2023ರ ಜೂನಿನಲ್ಲಿ ಅದರ ಒಂದೇ ಒಂದು ಷೇರು ಲಕ್ಷ ರೂಪಾಯಿ ದಾಟಿತು. ಸಿಯೆಟ್ ಹೆಸರಿನಲ್ಲಿ ಅಡಗಿರುವುದು ಇಟಲಿಯ ಟುರಿನ್ ಊರಿನ ವಿದ್ಯುತ್ ಕೇಬಲ್ಲು. ಬ್ರಿಜ್‌ಸ್ಟೋನ್ ಕಟ್ಟಿದವರ ಮನೆತನದ ಹೆಸರು ಇಶಿಬಾಶಿ, ಜಪಾನಿ ಭಾಷೆಯಲ್ಲಿ ಕಲ್ಲುಸೇತುವೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ತಲೆಕೆಳಗು ಮಾಡಿಕೊಂಡರು. ಕನ್ನಡ ನಾಡಿನದೇ ಎಂದು ಹೇಳಿಕೊಳ್ಳಲು ಮೈಸೂರಿನ ವಿಕ್ರಾಂತ್ ಇತ್ತು, 1997ರಲ್ಲಿ ಜೆ.ಕೆ. ಕಂಪನಿಯ ಪಾಲಾಯಿತು. ಅಗ್ಗದ ಚೀನೀ ಟಯರಿನ ದಾರಿಯನ್ನು 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಆಮದು ನಿರ್ಬಂಧದಿಂದ ಕಿರಿದಾಗಿಸಿತು. ಯಾವ ಹೆಸರಿನದಾದರೂ ಮೈಮೇಲೆ ಐ.ಎಸ್.ಐ. ಗುರುತು ಇರಲೇಬೇಕು.

ಚೌಕಾಸಿಯ ವಿಧಾನವೂ ಜಾತ್ರೆಯದೇ. ಅಲ್ಲಿ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಇಲ್ಲಿ ಅಂಗಡಿಯವನು ಕ್ಯಾಲ್ಕುಲೇಟರು ಒತ್ತಿ, ಪಕ್ಕದವರಿಗೆ ಕಾಣದಂತೆ ಗಿರಾಕಿಯ ಕಡೆ ತಿರುಗಿಸುತ್ತಾನೆ. ಗಿರಾಕಿ ಅದನ್ನು ನೋಡಿ ಏನೂ ಹೇಳದೆ ತಾರಸಿ ನೋಡುತ್ತಾರೆ. ಮತ್ತೆ ಒತ್ತುವುದು, ಮತ್ತೆ ತಿರುಗಿಸುವುದು. ಮೂರನೆಯ ಸುತ್ತಿಗೆ ಚಹಾ ಬರುತ್ತದೆ. ಚಹಾ ಕುಡಿದವರು ಬೇರೆ ಅಂಗಡಿಗೆ ಹೋಗುವುದಿಲ್ಲ ಎಂಬುದು ಈ ವ್ಯಾಪಾರದ ಅನುಭವ. ಆದ್ದರಿಂದ ಮೊದಲೇ ಮೂರು ಅಂಗಡಿಗೆ ಫೋನು ಮಾಡಿ, ಅದೇ ಅಳತೆ, ಅದೇ ಮಾಡೆಲ್ಲಿನ ಬೆಲೆ ಬರೆದುಕೊಂಡು ಹೋಗಬೇಕು. ಕೂರಿಸುವುದು, ವಾಲ್ವು, ಬ್ಯಾಲೆನ್ಸಿಂಗ್ ಸೇರಿಯೋ ಬೇರೆಯೋ ಎಂದು ಫೋನಿನಲ್ಲೇ ಕೇಳಬೇಕು.

ಕೊನೆಯಲ್ಲಿ "ಬಿಲ್ಲು ಬೇಕಾ ಸಾರ್?" ಎಂಬ ಪ್ರಶ್ನೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟಯರಿನ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4,000 ರೂಪಾಯಿಯ ಟಯರು ಮೊದಲು 5,120 ಆಗುತ್ತಿತ್ತು, ಈಗ 4,720. ಟಯರೊಂದಕ್ಕೆ 400ರಂತೆ ನಾಲ್ಕಕ್ಕೆ 1,600 ಉಳಿಯುತ್ತದೆ. ಆ ಉಳಿತಾಯ ಕೊಳ್ಳುವವರಿಗೆ ಸೇರಿತೇ ಎಂದು ತಿಳಿಯಲು ಇರುವ ಒಂದೇ ಕಾಗದ ಬಿಲ್ಲು. ವಾರಂಟಿಯೂ ಅದರ ಮೇಲೆಯೇ ನಿಂತಿದೆ. ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ; ಹೊಂಡಕ್ಕೆ ಬಿದ್ದ ಬುಗುಟು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಅದು ರಸ್ತೆಯ ತಯಾರಿಕೆಯ ದೋಷ, ಅದಕ್ಕೆ ವಾರಂಟಿ ಕೊಡುವವರು ಇಲ್ಲ.

ಸೆಕೆಂಡ್ ಹ್ಯಾಂಡ್ ಟಯರಿನ ಅಂಗಡಿಗಳಲ್ಲಿ ಎರಡು ಜಾತಿಯ ಸರಕು ಇರುತ್ತದೆ. ಹೊಸ ಕಾರು ಕೊಂಡ ವಾರದಲ್ಲೇ ಶೋಕಿಗೆ ಬೇರೆ ಟಯರು ಹಾಕಿಸಿದವರು ಬಿಟ್ಟುಹೋದದ್ದು ಒಂದು. ಇದು ಸಿಕ್ಕರೆ ಬಡವನ ಭಾಗ್ಯ. ಇನ್ನೊಂದು, ಕಪ್ಪು ಪಾಲಿಶ್ ಹೊಡೆದು ಹೊಳಪು ಬರಿಸಿದ್ದು. ಜಾತ್ರೆಯಲ್ಲಿ ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಸವರುತ್ತಿದ್ದ ಜಾಣರ ಸಂತತಿ ಇನ್ನೂ ಮುಗಿದಿಲ್ಲ. ಒಳಗೋಡೆಗೆ ಕೈ ಹಾಕಿ ಪಂಚರಿನ ತೇಪೆ ಎಷ್ಟಿದೆ ಎಂದು ಎಣಿಸದೆ ದುಡ್ಡು ಕೊಡಬಾರದು.

ನಾಲ್ಕನ್ನೂ ಒಟ್ಟಿಗೆ ಕೊಳ್ಳಲಾಗದವರು ಎರಡನ್ನು ಕೊಳ್ಳುತ್ತಾರೆ. ಹೊಸ ಜೋಡಿಯನ್ನು ಹಿಂದಕ್ಕೆ ಹಾಕಬೇಕು. ಮುಂದಕ್ಕೆ ಹಾಕಬೇಕೆಂದು ಅಂಗಡಿಯಲ್ಲಿ ಕೂತ ಎಲ್ಲರೂ ಹೇಳುತ್ತಾರೆ, ತಪ್ಪಾಗಿ ಹೇಳುತ್ತಾರೆ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಮುಂದಿನದು ಜಾರಿದರೆ ಹತೋಟಿಗೆ ತರುವುದು ಸುಲಭ. ಮೂರೇ ಕೊಂಡು ನಾಲ್ಕನೆಯದಕ್ಕೆ ಸ್ಟೆಪ್ನಿ ಹಾಕುವ ಉಪಾಯವೂ ಚಾಲ್ತಿಯಲ್ಲಿದೆ. ವೇಲ್ಸಿನ ಸ್ಟೆಪ್ನಿ ಬೀದಿಯಿಂದ ಹೆಸರು ಪಡೆದ ಈ ಐದನೆಯ ಟಯರು ಡಿಕ್ಕಿಯ ಕತ್ತಲಲ್ಲಿ ಮಿರಮಿರ ಹೊಳೆಯುತ್ತ ಮಲಗಿರುತ್ತದೆ. ತೆಗೆದು ಹಲ್ಲು ನೋಡಿದರೆ 1013 ಎಂದಿರುತ್ತದೆ. ಅಷ್ಟು ವಯಸ್ಸಾದ ಮೇಲೆ ಅದನ್ನು ಮತ್ತೆ ದುಡಿಮೆಗೆ ಹಚ್ಚುವುದು ಅನ್ಯಾಯ.

ಕೂರಿಸಿದ ಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಬೇಕೇ ಬೇಕು. ನೈಟ್ರೋಜನ್ ಗಾಳಿಗೆ ಬೇರೆ ದುಡ್ಡು ಕೊಡುವ ಮೊದಲು, ಪುಕ್ಕಟೆ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ ಎಂಬುದನ್ನು ನೆನೆಯಬಹುದು. ಎಷ್ಟು ಗಾಳಿ ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿದೆ. ಹದಿನೈದು ದಿನಕ್ಕೊಮ್ಮೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸುವವರ ಟಯರು, ಗಾಳಿಯನ್ನೇ ಕೇಳದವರ ದುಬಾರಿ ಟಯರಿಗಿಂತ ಹೆಚ್ಚು ಬಾಳುತ್ತದೆ.

ಹಳೆಯ ಟಯರಿಗೆ ಅಂಗಡಿಯವರು ಕೊಡುವುದು ಅಲ್ಪ. ಆ ಅಲ್ಪಕ್ಕೆ ಸಿಟ್ಟಾಗಿ ನಾಲ್ಕನ್ನೂ ಮನೆಗೆ ತಂದು ತಾರಸಿಗೆ ಏರಿಸುವವರಿದ್ದಾರೆ. ಒಂದು ಶೀಟಿನ ಮೇಲೆ ಭಾರಕ್ಕೆ, ಒಂದು ತುಳಸಿ ಗಿಡಕ್ಕೆ, ಉಳಿದವು ಮುಂದೆ ಯಾವುದಕ್ಕಾದರೂ ಆದೀತು ಎಂಬ ಲೆಕ್ಕ. ಮೊದಲ ಮಳೆಗೆ ಅದರಲ್ಲಿ ನೀರು ನಿಂತು, ವಾರದೊಳಗೆ ಡೆಂಗಿ ಸೊಳ್ಳೆ ಸಂಸಾರ ಹೂಡುತ್ತದೆ. ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಹೀಗೆ ಸೊಳ್ಳೆ ಸಾಕುವ ನಗರದ ಮನೆಗಳಿಗೆ ಗೊತ್ತುಮಾಡಿದ ದಂಡ 400 ರೂಪಾಯಿ. ಜಿ.ಎಸ್.ಟಿ. ಇಳಿದು ಒಂದು ಟಯರಿನಲ್ಲಿ ಉಳಿಯುವುದೂ ಅಷ್ಟೇ.