ಕಾರ್ಡು ಕೈಕೊಟ್ಟಿತು

ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಒಬ್ಬನಿದ್ದರೂ, ಯಾರೂ ಕರೆಸದ ಇನ್ನೊಬ್ಬ ಫೋಟೋಗ್ರಾಫರ್ ಪ್ರತಿ ಮದುವೆಮನೆಯಲ್ಲೂ ಇದ್ದೇ ಇರುತ್ತಾರೆ. ಅವರು ಕ್ಯಾಮೆರಾ ಮಾವ. ಕುತ್ತಿಗೆಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಟ್ಯಾಬ್, ಜುಬ್ಬಾದ ಜೇಬಿನಲ್ಲಿ ಎಲೆಅಡಿಕೆ ಪೊಟ್ಟಣದ ಜೊತೆಗೇ ಕಾರ್ಡ್ ರೀಡರ್. ಧಾರೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ ಫೋಟೋಗಳೆಲ್ಲ ಟ್ಯಾಬಿಗೆ ಇಳಿದು ಬೀಗರ ಕಣ್ಣಿಗೆ ಬೀಳಬೇಕೆಂಬುದು ಅವರ ವ್ರತ. ವ್ರತಭಂಗವಾದಾಗಲೆಲ್ಲ ಅವರದು ಒಂದೇ ಮಾತು: 'ಕಾರ್ಡು ಕೈಕೊಟ್ಟಿತು.' ನನ್ನ ತಕರಾರು ಇಷ್ಟೇ, ಕಾರ್ಡಿಗೆ ಕೈಯಿಲ್ಲ. ಕೈಯಿರುವುದು ಮಾವನವರಿಗೆ.

ಕಾರ್ಡಿನೊಳಗೆ ಫೋಟೋಗಳಷ್ಟೇ ಅಲ್ಲ, ಯಾವ ಫೋಟೋ ಎಲ್ಲಿದೆ ಎಂಬ ಲೆಕ್ಕವೂ ಇರುತ್ತದೆ. ಮುಯ್ಯಿ ಬರೆಯುವ ಪುಸ್ತಕದ ಹಾಗೆ. 'ಹೊಸಮನೆಯವರು, ಐನೂರ…' ಎಂದು ಬರೆಯುತ್ತಿರುವಾಗಲೇ ಪುಸ್ತಕ ಕಿತ್ತುಕೊಂಡರೆ ದುಡ್ಡು ಪೆಟ್ಟಿಗೆಯಲ್ಲೇ ಇರುತ್ತದೆ, ಯಾರದೆಂದು ಮಾತ್ರ ತಿಳಿಯುವುದಿಲ್ಲ. 32 ಜಿಬಿವರೆಗಿನ ಕಾರ್ಡುಗಳ ಫ್ಯಾಟ್32 ಪದ್ಧತಿಯಲ್ಲಿ ಈ ಲೆಕ್ಕಕ್ಕೆ ಒಂದು ನಕಲಾದರೂ ಇರುತ್ತದೆ. ಅದಕ್ಕಿಂತ ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್‌ನಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಮಾವನವರದು 128 ಜಿಬಿ. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿದೆ ಎಂದರೆ ಬರವಣಿಗೆ ಇನ್ನೂ ಮುಗಿದಿಲ್ಲ ಎಂದರ್ಥ. ಮಾವನವರು ಅದನ್ನು ಚಪ್ಪರದ ಸೀರಿಯಲ್ ಸೆಟ್ಟಿನ ಸಾಲಿಗೆ ಸೇರಿಸಿದ್ದಾರೆ, ಅತ್ತ ನೋಡದೆಯೇ ಕಾರ್ಡು ಕಿತ್ತುಬಿಡುತ್ತಾರೆ.

'ನೂರು ಸಲ ಹೀಗೇ ಕಿತ್ತಿದ್ದೇನೆ, ಏನೂ ಆಗಿಲ್ಲ' ಎನ್ನುತ್ತಾರೆ. ಸುಳ್ಳಲ್ಲ. ಆ ನೂರು ಸಲವೂ ಬರೆಯುವುದು ಮುಗಿದಿತ್ತು. ಆದರೆ ಧಾರೆಯ ಗಳಿಗೆಯಲ್ಲಿ ಒಂದೇ ಸಮನೆ ಹತ್ತಿಪ್ಪತ್ತು ಫೋಟೋ ಹೊಡೆದಿರುತ್ತಾರೆ. ಕ್ಯಾಮೆರಾಕ್ಕೆ ಬಾಕಿ ಹೆಚ್ಚು, ಮಾವನವರಿಗೆ ಅವಸರ ಹೆಚ್ಚು. ಹಾಗಾಗಿ ಕಳೆದುಹೋಗುವುದು ಊಟದ ಸಾಲಿನ ಫೋಟೋ ಅಲ್ಲ, ಧಾರೆಯದೇ. ಟ್ಯಾಬ್ ಬರೀ ಓದುತ್ತದೆ, ಅದರಿಂದ ಕಿತ್ತರೇನು ಎಂಬುದು ಅವರ ಎರಡನೆಯ ವಾದ. ಆಂಡ್ರಾಯ್ಡ್ ಟ್ಯಾಬು ಕಾರ್ಡಿನೊಳಗೆ ತನ್ನದೇ ಫೋಲ್ಡರ್ ಮಾಡಿಕೊಂಡು ಕೂರುವುದುಂಟು, ಅದಕ್ಕೇ ಎಜೆಕ್ಟ್ ಒತ್ತಿ ತೆಗೆಯಬೇಕು. ಐಪ್ಯಾಡಾದರೆ ನಕಲು ಮುಗಿದ ಮೇಲೆ ಮೂಲವನ್ನು ಡಿಲೀಟ್ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಮಾವನವರು ಯಾರೇನು ಕೇಳಿದರೂ ಹೂಂ ಅನ್ನುವ ಜನ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಪುಟ್ಟ ಚಿಲಕವೊಂದಿದೆ, ಕೆಳಗೆ ಸರಿಸಿದರೆ ಬರೆಯುವುದು ನಿಲ್ಲುತ್ತದೆ. (ಅದೂ 'ನಾಯಿ ಇದೆ ಎಚ್ಚರಿಕೆ' ಬೋರ್ಡಿನಂಥದೇ, ಪಾಲಿಸುವುದು ಬಿಡುವುದು ರೀಡರಿನ ಮರ್ಜಿ.) ಕಾರ್ಡುಗಳೆಲ್ಲ ಸಾಧುಗಳೇ ಎಂದು ನಾನು ಹೇಳುವುದಿಲ್ಲ. 8 ಜಿಬಿಯ ಚಿಪ್ಪಿಗೆ 128 ಎಂಬ ಚೀಟಿ ಅಂಟಿಸಿ ಮಾರುವ ನಕಲಿಗಳೂ ಇವೆ. ಆದರೆ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿ ಕೊಂಡ ಕೈ ಯಾರದು?

ಲೆಕ್ಕ ಕೆಟ್ಟ ಕಾರ್ಡಿನ ಫೋಟೋಗಳು ಎಷ್ಟೋ ಸಲ ಹಗಲಿನ ಅರುಂಧತಿಯ ಹಾಗೆ, ಇರುತ್ತವೆ, ಕಾಣುವುದಿಲ್ಲ. 'ಫಾರ್ಮ್ಯಾಟ್ ಮಾಡಲೇ?' ಎಂಬ ಪ್ರಶ್ನೆಗೆ ಬೇಡವೆಂದು, ಹೊಸ ಫೋಟೋ ಒಂದನ್ನೂ ಹೊಡೆಯದೆ ಎತ್ತಿಟ್ಟರೆ, ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳಿವೆ. ಅಷ್ಟು ದೂರ ಹೋಗಬೇಕಿಲ್ಲ. ಮದುವೆಮನೆಯ ಯಜಮಾನರಲ್ಲಿ ವಿನಂತಿ: ಮಾವನವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಆ ಕೆಂಪು ದೀಪ ಆರಿರುತ್ತದೆ.